ನಮ್ಮ ಬೇಸ್‌ಮೆಂಟಿನಲ್ಲಿದ್ದ ನೋವೈನವರು

ಅವರ ಮೇಲೆ ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಕುಕ್ಕರಿನಿಂದ.

ನಮ್ಮ ಮನೆಗೆ ಬಂದು ಇನ್ನೂ ಎರಡನೇ ದಿನ. ಅಮೆರಿಕದ ಗ್ಲೆಂಡೇಲ್ ಹೈಟ್ಸಿನ ನಮ್ಮ ಅಡುಗೆಮನೆಯಲ್ಲಿ ಊಟದ ಮೇಜಿನ ಮುಂದೆ ಕೈ ತೊಳೆದುಕೊಂಡು ಕೂತಿದ್ದಾರೆ. ತಟ್ಟೆಗೆ ಅನ್ನ ಬಿದ್ದಿಲ್ಲ. ಒಲೆಯ ಮೇಲೆ ಕುಕ್ಕರು. ಇವರು ತಲೆಯನ್ನು ಒಂದು ಚೂರು ಓರೆ ಮಾಡಿ, ಕಣ್ಣು ಅರ್ಧ ಮುಚ್ಚಿ, ನನ್ನ ಅಮ್ಮನಿಗೆ ಹೇಳಿದರು: "ಅವ್ವಾ, ನಿಮ್ಮ ಕುಕ್ಕರಿನ ರಬ್ಬರ್ ಹೋಗ್ಯದ ನೋಡ್ರಿ. ಸೀಟಿ ಹೊಡಿಯೂಕಿಂತ ಮೊದಲ ಬಾಜೂಕ ಉಸಿರು ಬಿಡ್ಲಿಕ್ಕತ್ತದ."

ಅಮ್ಮ ಇಳಿಸಿ, ತಣಿಸಿ, ಮುಚ್ಚಳ ತೆಗೆದು ರಬ್ಬರ್ ಎಳೆದು ನೋಡಿದಳು. ಒಂದು ಕಡೆ ಕೂದಲೆಳೆಯಷ್ಟು ಬಿರುಕು.

"ನಾನು ಮೈಸೂರಿಂದ ಬಂದು ಎರಡು ತಿಂಗಳಾಯ್ತು, ಒಂದು ದಿನ ಬೇಳೆ ನೆಟ್ಟಗೆ ಬೆಂದಿಲ್ಲ. ಇವನನ್ನ ಕೇಳಿದ್ರೆ 'ಅಮೆರಿಕದ ಬೇಳೇನೇ ಹಾಗೆ ಕಣಮ್ಮ' ಅಂತಾನೆ. ನೋಡೋ, ಮಗು ಕೂತಲ್ಲೇ ಕಂಡುಹಿಡೀತು!"

ಮಗು! ಆ ಮಗುವಿಗೆ ಆಗ ನಲವತ್ತೆಂಟು ವರ್ಷ. ಕಿವಿಯ ಮೇಲೆ ಕೂದಲೆಲ್ಲ ನರೆತಿತ್ತು. ನಾನು ಅವರಿಗಿಂತ ನಾಲ್ಕು ವರ್ಷ ಚಿಕ್ಕವನು. ನನ್ನನ್ನು ಅಮ್ಮ ಮಗು ಅಂದು ಎಷ್ಟು ವರ್ಷವಾಗಿತ್ತೋ, ನೆನಪಿಲ್ಲ.

ಆಗ ಎಲ್ಲ ಕಡೆ ಕೆಲಸ ಹೋಗುತ್ತಿದ್ದ ಕಾಲ. ಡೆಟ್ರಾಯಿಟ್ ಕಡೆಯಂತೂ ಕೇಳುವುದೇ ಬೇಡ. ಇವರು ಅಲ್ಲೇ ಪಕ್ಕದ ನೋವೈನಲ್ಲಿ ಮನೆ ಮಾಡಿಕೊಂಡು, ಕಾರಿನ ಸದ್ದು ಹಿಡಿಯುವ ಎಂಜಿನಿಯರ್ ಆಗಿದ್ದವರು. ಹೊಸ ಕಾರು ಮಾರುಕಟ್ಟೆಗೆ ಬರುವ ಮುಂಚೆ ಅದರಲ್ಲಿ ಕೂತು, ಎಲ್ಲಿ ಕಿರ್ ಅನ್ನುತ್ತದೆ, ಎಲ್ಲಿ ಟಕ್ ಅನ್ನುತ್ತದೆ ಅಂತ ಕಿವಿಯಲ್ಲೇ ಹುಡುಕುವುದು ಅವರ ಉದ್ಯೋಗ. ಹದಿನಾಲ್ಕು ವರ್ಷ ಅದನ್ನು ಮಾಡಿದ ಮೇಲೆ ಒಂದು ಬೆಳಿಗ್ಗೆ ಅವರ ಕೈಗೆ ರಟ್ಟಿನ ಪೆಟ್ಟಿಗೆ ಕೊಟ್ಟು ಮನೆಗೆ ಕಳಿಸಿದರು. ಸದ್ದುಗಳನ್ನು ಕೂಡಿಡುವ ಕಂಪ್ಯೂಟರುಗಳನ್ನೂ ಅವರೇ ನೋಡಿಕೊಳ್ಳುತ್ತಿದ್ದರಂತೆ. ಆ ಅನುಭವದ ಮೇಲೆ ಡೆಸ್ ಪ್ಲೇನ್ಸಿನಲ್ಲಿ, ವಿಮಾನ ನಿಲ್ದಾಣದ ಪಕ್ಕದ ಸರಕು ಸಾಗಣೆ ಆಫೀಸೊಂದರಲ್ಲಿ ಆರು ತಿಂಗಳ ಕಾಂಟ್ರ್ಯಾಕ್ಟ್ ಸಿಕ್ಕಿತು. ಹೆಂಡತಿ, ಮಕ್ಕಳು ನೋವೈನಲ್ಲೇ. ಸೋಮವಾರ ಹತ್ತಿರ ಹತ್ತಿರ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬರುವುದು, ಶುಕ್ರವಾರ ಮಧ್ಯಾಹ್ನ ಮತ್ತೆ ಅಷ್ಟೇ ಮೈಲಿ ವಾಪಸು. ನಡುವಿನ ದಿನಗಳಿಗೆ ಒಂದು ರೂಮು ಬೇಕು ಅಂತ ಸ್ನೇಹಿತರು ಕೇಳಿದಾಗ ನಾನು, "ಅಯ್ಯೋ, ನಮ್ಮ ಬೇಸ್‌ಮೆಂಟ್ ಖಾಲಿ ಇದೆ, ನಮ್ಮವರಿಗೆ ನಾವಲ್ಲದೆ ಇನ್ಯಾರು" ಅಂದುಬಿಟ್ಟೆ. ಹಾಗೆ ಅಂದದ್ದು ಮನಸ್ಸಿನಿಂದಲೇ. ಕುಕ್ಕರು ಬಂದದ್ದು ಆಮೇಲೆ.

ಕೆಲಸ ಹೋದವರು ಅವರು, ನಿದ್ದೆ ಹೋದವನು ನಾನು. ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ಪ್ರತಿ ಶುಕ್ರವಾರವೂ ಯಾರಾದರೊಬ್ಬರ ಕುರ್ಚಿ ಖಾಲಿಯಾಗುತ್ತಿತ್ತು. ನಾನು ಸೋಮವಾರದಿಂದಲೇ ನಡುಗುತ್ತಿದ್ದೆ. ಇವರು ಸಂಜೆ ಬಂದು ಶೂ ಬಿಚ್ಚಿ, "ಏನ್ ಆಂಬೋಡಿ ವಾಸನಿ ಬರ್ಲಿಕ್ಕತ್ತದಲ್ರೀ!" ಅನ್ನುವರು. ನನ್ನ ಹೆಂಡತಿ ನಗುವಳು. ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಅವರ ಹತ್ತಿರ ಹೋಗಿ, "ಅಂಕಲ್, 'ಬರ್ಲಿಕ್ಕತ್ತದ' ಅಂದ್ರೆ ಏನು?" ಅಂತ ಅಚ್ಚಕನ್ನಡದಲ್ಲಿ ಕೇಳುವಳು.

ಇಲ್ಲಿ ನನ್ನ ವಿಷಯವನ್ನೂ ಸ್ವಲ್ಪ ಹೇಳಬೇಕು. ಕನ್ನಡ ಕೂಟದಲ್ಲಿ ಮೈಕ್ ಹಿಡಿದರೆ ಜನ ನಗುವಂತೆ ಕಥೆ ಹೇಳುವವನು ಅಂತ ನನಗೊಂದು ಹೆಸರಿತ್ತು, ಈಗಲೂ ಇದೆ. ಆ ಕಥೆಗಳಾಗಲಿ ಆ ಮಾತಿನ ಧಾಟಿಯಾಗಲಿ ನನ್ನದಲ್ಲ. ಎಲ್ಲ ದೊಡ್ಡಮ್ಮನದು, ಅಂದರೆ ಅಮ್ಮನ ಅಕ್ಕನದು. ಮೈಸೂರಿನಲ್ಲಿ ಅವಳ ಮನೆಯ ಜಗಲಿಯಲ್ಲಿ ಕೂತೇ ನಾನು ಮಾತು ಕಲಿತದ್ದು. ಅವಳ ಕೊನೆಯ ವರ್ಷಗಳಲ್ಲಿ, ಹೋದಾಗಲೆಲ್ಲ ಟೇಪ್ ರೆಕಾರ್ಡರ್ ಮುಂದಿಟ್ಟು ಮಾತಾಡಿಸಿದ್ದೆ. ನಲವತ್ತೊಂದು ಕ್ಯಾಸೆಟ್ಟು. ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ, ಬೂಷ್ಟು ಹಿಡಿದಿದ್ದ ಕ್ಯಾಸೆಟ್ಟುಗಳನ್ನು ನಾನೇ ಎಸೆದೆ. ದೊಡ್ಡಮ್ಮನೂ ಹೋದಳು. ಅವಳ ಧ್ವನಿ ಇದ್ದದ್ದು ಇನ್ನು ಒಂದೇ ಕಡೆ: ನಮ್ಮ ಬೇಸ್‌ಮೆಂಟಿನಲ್ಲಿ, ಬಟ್ಟೆ ಒಗೆಯುವ ಮೆಷೀನಿನ ಪಕ್ಕ, ನಾನೇ ಜೋಡಿಸಿದ್ದ ಹಳೆಯ ಸರ್ವರಿನ ಒಂದು ಡಿಸ್ಕಿನಲ್ಲಿ. ಅಮ್ಮ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅದರಿಂದ ಒಂದನ್ನು ಹಾಕಿಸಿಕೊಂಡು ಅಕ್ಕನ ಜೊತೆ ಕೂರುತ್ತಿದ್ದಳು. ಮಧ್ಯೆ ಮಧ್ಯೆ ಉತ್ತರವನ್ನೂ ಕೊಡುತ್ತಿದ್ದಳು.

ಬೇಸ್‌ಮೆಂಟಿನಲ್ಲಿ ಅಂಥ ಹಳೇ ಕಂಪ್ಯೂಟರುಗಳು ಮೂರಿದ್ದವು. ಫೋಟೊ, ಧ್ವನಿ ಕೂಡಿಡಲು ಒಂದು, ಕೂಟದ ವೆಬ್‌ಸೈಟಿಗೆ ಒಂದು, ಮಗಳ ಹಾವಳಿಗೆ ಒಂದು. ಮೂರೂ ಸೇರಿ ಜೇನುಗೂಡಿನಂತೆ ಗುಂಯ್ ಅನ್ನುತ್ತಿದ್ದವು. ಒಂದು ವಾರ ಅವುಗಳ ಪಕ್ಕದ ಕೋಣೆಯಲ್ಲಿ ಮಲಗಿದ ಮೇಲೆ ಇವರು ಹೇಳಿದರು: "ನಡುವಿನ ಡಬ್ಬಿಯ ಡಿಸ್ಕು ದಣದದ್ರೀ. ಭಾಳ ದಿವಸ ಬಾಳೂದಿಲ್ಲ. ಮೂರೂ ತಗದು ಒಂದ ಗಟ್ಟಿ ಮಷೀನ್ ಇಡೋಣು. ಅದರ ಒಳಗ ಮೂರು ವರ್ಚುವಲ್ ಮಷೀನ್ ಮಾಡಿದ್ರಾತು."

"ಒಂದರೊಳಗೆ ಮೂರಾ?" ಅಂದಳು ಅಮ್ಮ.

ನಾನು ವಿವರಿಸಲು ಬಾಯಿ ತೆರೆದೆ. ಇವರು ಅಷ್ಟರಲ್ಲಿ ಒಲೆಯ ಪಕ್ಕದಿಂದ ಒಗ್ಗರಣೆ ಡಬ್ಬಿ ತಂದು ಮುಚ್ಚಳ ತೆಗೆದರು. "ಇದ ನೋಡ್ರಿ ಅವ್ವಾ. ಹೊರಗಿನ ಡಬ್ಬಿ ಒಂದ. ಒಳಗ ಸಾಸವಿಗೆ ಒಂದು ಬಟ್ಟಲಾ, ಜೀರಗಿಗೆ ಒಂದು, ಮೆಂತೇಕ್ಕ ಒಂದು. ಇದರದು ಅದಕ್ಕ ಹತ್ತೂದಿಲ್ಲ. ಮೊದಲು ನಿಮ್ಮ ಮಗಾ ಸಾಸವಿಗೆ ಒಂದು ಡಬ್ಬಿ, ಜೀರಗಿಗೆ ಒಂದು ಡಬ್ಬಿ ಇಟ್ಟಿದ್ರು."

"ಅಷ್ಟೇನಾ!" ಅಂದಳು ಅಮ್ಮ. ನನ್ನ ಕಡೆ ತಿರುಗಿ, "ನೀನು ಇಷ್ಟು ವರ್ಷದಿಂದ ಮಾಡೋ ಕೆಲಸ ಇದೇನಾ? ಒಂದು ದಿನ ತಿಳಿಯೋ ಹಾಗೆ ಹೇಳಲಿಲ್ಲವಲ್ಲೋ" ಅಂದಳು.

ಅವರ ಕೆಲಸದ ರೀತಿ ಬೇರೆ. ನಾನಾಗಿದ್ದರೆ ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆ ಸುರಿದು ಮಲಗುತ್ತಿದ್ದೆ. ಇವರು ಮೊದಲು ಒಂದು ನೋಟ್‌ಬುಕ್ ಕೊಂಡರು. ಮನೆ ಬದಲಾಯಿಸುವವರು ಪಾತ್ರೆ ಪಟ್ಟಿ ಬರೆಯುವ ಹಾಗೆ ಫೈಲುಗಳ ಪಟ್ಟಿ ಬರೆದರು. ಫೋಟೊಗಳು ಎರಡೇ ದಿನದಲ್ಲಿ ಹೊಸ ಮಷೀನಿಗೆ ಹೋದವು. ಆದರೆ ದೊಡ್ಡಮ್ಮನ ಧ್ವನಿ ಇತ್ತಲ್ಲ, ಆ ನಲವತ್ತೊಂದನ್ನೂ ಹಳೆಯದರಲ್ಲಿ ಮೊದಲಿಂದ ಕೊನೆಯವರೆಗೆ ಕೇಳಿ, ಏನಿದೆ ಅಂತ ಬರೆದುಕೊಂಡರು. ಸಾಗಿಸಿದ ಮೇಲೆ ಹೊಸದರಲ್ಲಿ ಮತ್ತೊಮ್ಮೆ ಪೂರ್ತಿ ಕೇಳುವುದು, ಆಮೇಲೇ ಮುಂದಿನದು. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು.

"ಸೈಜ್ ಸರಿ ಇದ್ರೆ ಸಾಕಲ್ವಾ ಸಾರ್?" ಅಂದೆ.

"ತೂಕ ಸರಿ ಇದ್ರ ಮಾತು ಸರಿ ಇರ್ತದೇನ್ರೀ? ಕೇಳಬೇಕ್ರಿ."

ಕೇಳಿದರು. ಹೆಡ್‌ಫೋನ್ ಹಾಕಿಕೊಂಡು ತಲೆ ಓರೆ ಮಾಡಿ, ಒಬ್ಬರೇ ನಗುತ್ತಾ. ಇದರಿಂದ ಏನಾಯಿತೆಂದರೆ, ನನ್ನ ದೊಡ್ಡಮ್ಮನ ಸಂಗತಿ ನನಗಿಂತ ಅವರಿಗೆ ಹೆಚ್ಚು ಗೊತ್ತಾಯಿತು. ಊಟಕ್ಕೆ ಕೂತಾಗ ಅವರೂ ಅಮ್ಮನೂ "ಆ ಹಪ್ಪಳದ ಗಲಾಟೆ", "ಆ ಜಟಕಾ ಸಾಬರ ಮಾತು" ಅಂತ ಕಣ್ಣಲ್ಲಿ ನೀರು ಬರುವ ಹಾಗೆ ನಗುವರು. ನಾನು ಹುಳಿ ಕಲಸುತ್ತಾ ಕೂತಿರುವೆ. ನಿಜ ಹೇಳಲೇ? ನಾನು ರೆಕಾರ್ಡ್ ಮಾಡಿದ್ದೆನೇ ಹೊರತು ಎಲ್ಲವನ್ನೂ ಕೂತು ಕೇಳಿರಲಿಲ್ಲ. ಬಿಡುವಾದಾಗ ಕೇಳಿದರಾಯಿತು, ಎಲ್ಲಿ ಹೋಗುತ್ತದೆ, ಅಂದುಕೊಂಡಿದ್ದೆ.

ಗಣೇಶನ ಹಬ್ಬಕ್ಕೆ ಕೂಟದಲ್ಲಿ ನಾನು, ದೊಡ್ಡಮ್ಮ ಮುನಿಸಿಪಾಲಿಟಿಯ ನಲ್ಲಿಯವನನ್ನು ಬೈದ ಕಥೆ ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು. ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಿಂದ ಇವರು ಅಂದರು: "ಭಾಳ ಚಂದ ಹೇಳಿದ್ರಿ. ಆದ್ರ ಬೈದ ಮ್ಯಾಲೆ ಅವ್ರು ಅವನ್ನ ಒಳಗ ಕರದು ಒಂದು ಲೋಟಾ ಮಜ್ಜಿಗಿ ಕೊಡ್ತಾರಲ್ರೀ. ಅದನ್ಯಾಕ ಬಿಟ್ರಿ?"

"ಹೌದಲ್ವೋ!" ಅಂದಳು ಅಮ್ಮ. "ಅಕ್ಕನ ಗುಣ ಇರೋದೇ ಆ ಮಜ್ಜಿಗೆಯಲ್ಲಿ. ನೀನು ಬರೀ ಬೈಗುಳ ಹೇಳಿ ಅವಳನ್ನ ಬಜಾರಿ ಮಾಡಿಬಿಟ್ಟೆ."

ನಾನು ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ತಪ್ಪಿಸಿಕೊಂಡು ನಾಲ್ಕು ಮೈಲಿ ಮುಂದೆ ಹೋದೆ.

ಆಯುಧಪೂಜೆ ಬಂತು. ಆ ವರ್ಷ ಅದು ಭಾನುವಾರ. ಅಷ್ಟು ಹೊತ್ತಿಗೆ ಇಪ್ಪತ್ತಮೂರು ಧ್ವನಿಗಳು ಹೊಸ ಮಷೀನಿಗೆ ಹೋಗಿ ಕೂತಿದ್ದವು, ಹದಿನೆಂಟು ಹಳೇ ಡಿಸ್ಕಿನಲ್ಲೇ ಇದ್ದವು. ಶುಕ್ರವಾರ ನೋವೈಗೆ ಹೊರಡುವ ಮುಂಚೆ ಇವರು ಎಲ್ಲವನ್ನೂ ಆಫ್ ಮಾಡಿದರು. ಹಳೇ ಡಿಸ್ಕನ್ನೂ, ಎರಡನೇ ಪ್ರತಿ ಇಡಲೆಂದು ತಂದಿದ್ದ ಖಾಲಿ ಡಿಸ್ಕನ್ನೂ ಹೊರತೆಗೆದು ಅಮ್ಮನ ಕೈಗೇ ಕೊಟ್ಟರು. "ಪೂಜಾಕ್ಕ ಇಡ್ರಿ ಅವ್ವಾ. ಹಬ್ಬದ ದಿವಸ ಇವೂ ಆರಾಮ ತಗೊಳ್ಳಿ." ಎರಡೂ ಒಂದೇ ಕಂಪನಿಯವು, ನೋಡಲು ಅವಳಿ ಮಕ್ಕಳು. ಹಳೆಯದರ ಮೇಲೆ ಕಾಗದದ ಟೇಪು ಅಂಟಿಸಿ 'ಮುಟ್ಟಬ್ಯಾಡ್ರಿ' ಅಂತ ಬರೆದಿದ್ದರು.

ಭಾನುವಾರ ಅಮ್ಮ ಮಣೆಯ ಮೇಲೆ ಎಲ್ಲ ಜೋಡಿಸಿದಳು. ಈಳಿಗೆ ಮಣೆ, ಕಾರಿನ ಕೀ, ಮಗಳ ಜಾಮಿಟ್ರಿ ಬಾಕ್ಸು, ಇವರ ಸ್ಕ್ರೂಡ್ರೈವರು, ಎರಡು ಡಿಸ್ಕು. ಪೂಜೆಗೆ ಇಡುವ ವಸ್ತು ಮಡಿಯಾಗಿರಬೇಕಲ್ಲ, ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದಳು. ಟೇಪು ಎದ್ದು ಬಂತು. ಎರಡಕ್ಕೂ ಅರಿಶಿನ ಕುಂಕುಮ ಇಟ್ಟು ಒಂದೊಂದು ಸೇವಂತಿಗೆ ಏರಿಸಿದಳು. ಮಂಗಳಾರತಿ ಆದ ಮೇಲೆ, "ನಾಳೆ ವಿಜಯದಶಮಿಯವರೆಗೂ ಯಾರೂ ಏನೂ ಮುಟ್ಟಬಾರದು" ಅಂದು ಊಟ ಮುಗಿಸಿ ಮಲಗಿದಳು.

ನಾನು ಮುಟ್ಟಿದೆ.

ಯಾಕೆ ಅಂದರೆ, ಸೋಮವಾರ ಸಂಜೆ ಅವರು ಬಂದಾಗ "ಮಿಕ್ಕ ಹದಿನೆಂಟನ್ನೂ ನಾನೇ ಮುಗಿಸಿದೆ ಸಾರ್, ಒಂದು ಮಧ್ಯಾಹ್ನದ ಕೆಲಸ" ಅನ್ನಬೇಕಿತ್ತು. ಅಮ್ಮನ ಎದುರಿಗೇ ಅನ್ನಬೇಕಿತ್ತು. ಇಷ್ಟೇ. ಮೊದಲು ಎರಡನೇ ಪ್ರತಿಯ ಕೆಲಸ ಮುಗಿಯಲಿ ಅಂತ, ಎರಡರಲ್ಲಿ ಖಾಲಿ ಅಂದುಕೊಂಡದ್ದನ್ನು ಎತ್ತಿಕೊಂಡು ಹೋಗಿ ಹೊಸ ಮಷೀನಿಗೆ ಸಿಕ್ಕಿಸಿದೆ. ಅಳಿಸಿ, ಈಗಿರುವುದರ ನಕಲನ್ನು ಇದರ ಮೇಲೆ ಬರೆಯಲೇ ಅಂತ ಅದು ಕೇಳಿತು. ಬರಿ ಅಂದೆ. ಎರಡು ಗಂಟೆ ಬರೆಯಿತು. ಮುಗಿದ ಮೇಲೆ ಮಣೆಯ ಮೇಲಿದ್ದ ಇನ್ನೊಂದನ್ನು ತಂದು ತೆರೆದೆ. ಅದರಲ್ಲಿ ಏನೂ ಇರಲಿಲ್ಲ. ಅದು ಅಂಗಡಿಯಿಂದ ಬಂದ ದಿನ ಹೇಗಿತ್ತೋ ಹಾಗೇ ಇತ್ತು.

ಎಲ್ಲ ಆಫ್ ಮಾಡಿದೆ. ಖಾಲಿಯದನ್ನು ಮಣೆಯ ಮೇಲೆ ವಾಪಸು ಇಟ್ಟೆ. ಇನ್ನೊಂದನ್ನು ಮಷೀನಿನಿಂದ ತೆಗೆಯಲು ಕೈ ಬರಲಿಲ್ಲ.

ಸೋಮವಾರ ಸಂಜೆ ಅವರು ಆಫೀಸಿನಿಂದ ಬಂದು ಮುಖ ತೊಳೆಯುವ ಮುಂಚೆಯೇ ಅಮ್ಮ ಅಂದಳು: "ವಿಜಯದಶಮಿ, ಮೊದಲು ಅಕ್ಕನ ಧ್ವನೀನೇ ಕೇಳಬೇಕು. ಹಸೆ ಹಾಡು ಹೇಳ್ತಾಳಲ್ಲ, ಅದನ್ನ ಹಾಕು ಮಗು." ಅದು ಆ ಹದಿನೆಂಟರಲ್ಲಿತ್ತು. ಇವರು ಮಣೆಯ ಹತ್ತಿರ ಹೋದರು. ಒಂದೇ ಡಿಸ್ಕು. ಅದನ್ನು ಎತ್ತಿಕೊಂಡು ಕೆಳಗೆ ಇಳಿದರು. ನಾನೂ ಹಿಂದೆ ಇಳಿದೆ.

ಹೊಸ ಮಷೀನಿನ ಪಕ್ಕದ ತಗಡು ಬಿಚ್ಚಿದರು. ಒಳಗಿದ್ದ ಡಿಸ್ಕಿನ ಮೇಲೆ ಅರಿಶಿನ, ಕುಂಕುಮ, ಒಂದು ಸೇವಂತಿಗೆ ಎಸಳು. ಪೂಜೆಯಾದ ಮೇಲೆ ಅದನ್ನು ಯಾರೋ ಒಳಗೆ ಹಾಕಿದ್ದಾರೆ ಅಂತ ಹೇಳಲು ಅವರ ಕಿವಿ ಬೇಕಾಗಿರಲಿಲ್ಲ, ಯಾರ ಕಣ್ಣಾದರೂ ಸಾಕಾಗಿತ್ತು. ಅವರು ನನ್ನ ಮುಖ ನೋಡಿದರು. ನಾನು ವಾಷಿಂಗ್ ಮೆಷೀನ್ ನೋಡಿದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಮ್ಮನ ಹೆಜ್ಜೆ. ಇವರು ಜೇಬಿನಿಂದ ಕರ್ಚೀಫು ತೆಗೆದು ಆ ಕುಂಕುಮವನ್ನು ಒರೆಸಿ, ಎಸಳನ್ನು ಅದರೊಳಗೇ ಮಡಿಚಿ ಜೇಬಿಗೆ ಹಾಕಿಕೊಂಡರು.

"ಏನಾಯ್ತೋ?"

"ಅಮ್ಮ, ಇವರು ಕಾಪಿ ಹಾಕಿಟ್ಟು ಊರಿಗೆ ಹೋಗಿದ್ರು ಅನ್ಸುತ್ತೆ," ಅಂದೆ ನಾನು. ಬಾಯಿ ತಾನಾಗಿ ಹೇಳಿತು. "ಹಬ್ಬದ ದಿನಾನೂ ಓಡ್ತಾ ಇತ್ತೋ ಏನೋ. ಎಡವಟ್ಟಾಗಿದೆ. ಒಂದಷ್ಟು ಹೋಗಿಬಿಟ್ಟಿದೆ."

ತಾನೇ ಪೂಜೆಗಿಟ್ಟ ಡಿಸ್ಕು ಹೊರಗಿದ್ದಾಗ ಮಷೀನು ಕಾಪಿ ಮಾಡಲಾರದು ಅನ್ನುವಷ್ಟೂ ಈ ಯಂತ್ರಗಳ ಒಳಗುಟ್ಟು ಅಮ್ಮನಿಗೆ ತಿಳಿಯದು ಅಂತ ನನಗೆ ಗೊತ್ತಿತ್ತು. ಅವಳು ಅವರ ಕಡೆ ತಿರುಗಿದಳು.

"ಆಯುಧಪೂಜೆ ದಿನ ಓಡ್ತಾ ಇತ್ತಾ?"

ಇಡೀ ಮನೆಯಲ್ಲಿ ಹಬ್ಬ ಅಂತ ನೆನಪಿಟ್ಟುಕೊಂಡು ಸ್ವಿಚ್ ಆರಿಸಿ ಹೋದವರು ಅವರೊಬ್ಬರೇ. ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವರು ಸ್ಕ್ರೂಡ್ರೈವರನ್ನು ಕೆಳಗಿಟ್ಟು ಹೇಳಿದರು: "ತಪ್ಪಾತ್ರಿ ಅವ್ವಾ."

"ಹೋಗಲಿ ಬಿಡಿ," ಅಂದಳು ಅಮ್ಮ. "ನೀವು ಕೈಕಾಲು ತೊಳ್ಕೊಂಡು ಬನ್ನಿ, ಊಟಕ್ಕೆ ಹೊತ್ತಾಯ್ತು."

ಬಿಡಿ. ನೀವು. ಬನ್ನಿ. ಅವತ್ತಿನಿಂದ ನವೆಂಬರಿನಲ್ಲಿ ವಿಮಾನ ಹತ್ತುವವರೆಗೂ ಅಮ್ಮ ಅವರನ್ನು ಮಗು ಅನ್ನಲಿಲ್ಲ. ಬಡಿಸುವುದರಲ್ಲಿ ಏನೂ ಕಡಿಮೆ ಮಾಡಲಿಲ್ಲ, ಆದರೆ ಕೇಳಿ ಕೇಳಿ ಬಡಿಸಿದಳು, ನೆಂಟರಿಗೆ ಬಡಿಸುವ ಹಾಗೆ. ನನಗೆ ಬೇಕಾಗಿದ್ದದ್ದು ಅದೇ. ಸಿಕ್ಕಿತು. ಒಂದು ದಿನವೂ ರುಚಿಸಲಿಲ್ಲ. ಅದರ ಮೇಲೆ ಇನ್ನೊಂದು ಹೊಸ ಹೊಟ್ಟೆಕಿಚ್ಚು: ಅಷ್ಟೆಲ್ಲ ಆದ ಮೇಲೂ ಈ ಮನುಷ್ಯ ಅದೇ ಹಾಸಿಗೆಯಲ್ಲಿ ಗೊರಕೆ ಹೊಡೆದು ಮಲಗುತ್ತಾನಲ್ಲ! ಉಳಿದ ಕೆಲಸವನ್ನು ಒಂದು ತಿರುಪೂ ಬಿಡದೆ ಮುಗಿಸಿದರು. ಕಾಂಟ್ರ್ಯಾಕ್ಟ್ ಮುಗಿದು ಹೋಗುವಾಗ ನನ್ನ ಕೈ ಕುಲುಕಿ, "ಎರಡು ಕಡೆ ನಕಲಾ ಅದಾವ್ರಿ. ತಿಂಗಳಿಗೊಮ್ಮಿ ತಗದು ಕೇಳ್ರಿ" ಅಂದರು.

ಡೆಟ್ರಾಯಿಟ್ ಕಡೆ ಮತ್ತೆ ಕೆಲಸಗಳು ಬಂದವು. ಅವರ ಕಿವಿಗೂ ಕೆಲಸ ಸಿಕ್ಕಿತು. ವರ್ಷಕ್ಕೊಮ್ಮೆ ದೀಪಾವಳಿಗೆ ಫೋನ್ ಮಾಡುತ್ತಿದ್ದರು, ಅಮ್ಮ ಹೇಗಿದ್ದಾರೆ ಅಂತ ಕೇಳುತ್ತಿದ್ದರು. ಚೆನ್ನಾಗಿದ್ದಾಳೆ ಅನ್ನುತ್ತಿದ್ದೆ.

ಹೋದ ತಿಂಗಳು ಅವರು ನಿವೃತ್ತರಾದರು. ನೋವೈನಲ್ಲಿ, ದೇವಸ್ಥಾನದ ಹತ್ತಿರದ ಒಂದು ಸಭಾಂಗಣದಲ್ಲಿ ಮಧ್ಯಾಹ್ನದ ಊಟ. "ನೀವು ಬಂದು ನಾಲ್ಕು ನಗುವ ಮಾತಾಡಬೇಕು" ಅಂತ ಅವರ ಹೆಂಡತಿಯೇ ಕರೆದಿದ್ದರು. ಹೋದೆ. ನನಗಿಂತ ಮುಂಚೆ ಮಾತಾಡಿದ ಏಳೆಂಟು ಜನರೂ ಅವರನ್ನು ಹೊಗಳಿದರು. ಯಾರದೋ ಮನೆ ಬೆಚ್ಚಗಿಡುವ ಫರ್ನೇಸಿನ ಸದ್ದು ಕೇಳಿ ಬೆಂಕಿ ತಪ್ಪಿಸಿದ್ದು, ಯಾರಿಗೋ ಕೆಲಸ ಹೋದಾಗ ದಿನಾ ಹೋಗಿ ಕೂತು ಮಾತಾಡಿಸಿದ್ದು. ಕೇಳುತ್ತಾ ಕೇಳುತ್ತಾ ನನಗೆ ಹಳೇ ಉರಿ ಎದ್ದಿತು. ಮೈಕ್ ಕೈಗೆ ಬಂದಾಗ, ಬರೆದುಕೊಂಡು ಹೋಗಿದ್ದ ಚೀಟಿ ತೆಗೆಯಲೇ ಇಲ್ಲ. ಆಯುಧಪೂಜೆಯ ಮಧ್ಯಾಹ್ನದಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಡಿಸ್ಕು, ಕುಂಕುಮ, ಕರ್ಚೀಫು, ನಾನಾಡಿದ ಸುಳ್ಳು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು "ನಿಜವಾಗಲೂ, ನಿಜವಾಗಲೂ" ಅಂದಷ್ಟೂ ಇನ್ನಷ್ಟು ನಕ್ಕರು. ನಗದೆ ಇದ್ದವರು ಇಬ್ಬರೇ. ಒಬ್ಬರು ಅವರ ಹೆಂಡತಿ. ಕೆಳಗಿಳಿದು ಬಂದಾಗ ನನ್ನನ್ನು ತಡೆದು, "ಇದು ನನಗ ಗೊತ್ತ ಇದ್ದಿಲ್ರೀ. ನನಗೂ ಹೇಳಿಲ್ಲ ಅವ್ರು" ಅಂದರು.

ಇನ್ನೊಬ್ಬರು ಊಟದ ತಟ್ಟೆ ಹಿಡಿದು ನನ್ನ ಪಕ್ಕ ಬಂದು ನಿಂತರು. ಸ್ವಲ್ಪ ಹೊತ್ತು ಚಿರೋಟಿ ಮುರಿದು ತಿಂದರು.

"ಅವ್ವಗ ಹೇಳೀರೇನು?"

"ಇಲ್ಲ."

"ಈಗ ಮೈಸೂರಾಗ ಎಷ್ಟು ಗಂಟಿ?"

"ಹತ್ತು ದಾಟಿರಬೇಕು. ಸೀರಿಯಲ್ ನೋಡ್ತಿರ್ತಾಳೆ."

ಅವರು ಚಿರೋಟಿ ಮುಗಿಸಿದರು. ನಾನು ಫೋನ್ ತೆಗೆದೆ.

ಮೈಸೂರಿನಲ್ಲಿ ಅಮ್ಮನ ಜೊತೆಗಿರುವ ನನ್ನ ತಂಗಿ ಎತ್ತಿ ಅಮ್ಮನಿಗೆ ಕೊಟ್ಟಳು. ಅಮ್ಮನಿಗೆ ಈಗ ಎಂಬತ್ತಾರು. ಕೂಗಿ ಹೇಳಬೇಕು. ಸಭಾಂಗಣದ ಬಾಗಿಲ ಬಳಿ ನಿಂತು, ಅಷ್ಟು ಜನರ ನಡುವೆ, ಕೂಗಿ ಕೂಗಿ ಹೇಳಿದೆ. "ದೊಡ್ಡಮ್ಮನ ಧ್ವನಿ ಅಳಿಸಿದ್ದು ನಾನಮ್ಮ. ಅವರಲ್ಲ. ನಾನು ಸುಳ್ಳು ಹೇಳಿದೆ." ಆ ಕಡೆ ಬರೀ ಸೀರಿಯಲ್ಲಿನ ಸಂಗೀತ. ಆಮೇಲೆ ಅದೂ ನಿಂತಿತು. ಟೀವಿ ಆರಿಸಿರಬೇಕು.

"ಆ ಮಗು ಅಲ್ಲೇ ಇದ್ದಾನಾ?"

"ಇದ್ದಾರೆ."

"ಅವನ ಕೈಗೆ ಫೋನ್ ಕೊಡು. ನಿನ್ನ ಹತ್ತಿರ ಆಮೇಲೆ ಮಾತಾಡ್ತೀನಿ."

ಕೊಟ್ಟೆ. "ಅವ್ವಾ" ಅಂದರು. ಅಷ್ಟೇ ನನಗೆ ಕೇಳಿಸಿದ್ದು, ಫೋನ್ ಕಿವಿಗೊತ್ತಿಕೊಂಡು ಕಾರುಗಳು ನಿಂತಿದ್ದ ಕಡೆ ನಡೆದುಹೋದರು. ಐದು ನಿಮಿಷ ಆಯಿತು. ಹತ್ತಾಯಿತು. ನನ್ನ ಜೊತೆ ಅಮ್ಮ ಹತ್ತು ನಿಮಿಷದ ಮೇಲೆ ಮಾತಾಡಿದ್ದು ಯಾವ ಕಾಲಕ್ಕೋ. ತಡೆಯಲಾರದೆ ನಾನೂ ಆ ಕಡೆ ಹೋದೆ. ಎರಡು ಕಾರಿನಾಚೆ ನಿಂತು ಕಿವಿಗೊಟ್ಟೆ.

ಅವರು ದೊಡ್ಡಮ್ಮನ ಧಾಟಿಯಲ್ಲಿ ಮಾತಾಡುತ್ತಿದ್ದರು. ಧಾರವಾಡದ ನಾಲಿಗೆಯಲ್ಲಿ ಅಚ್ಚ ಮೈಸೂರು. "ಅಲ್ಲಾ ಕಣೇ, ಮದುವೆ ಮನೇಲಿ ಎಲ್ಲಾರೂ ಬೀಗಿತ್ತಿಗೆ ಹೆದರಿಕೊಂಡು ಕೂತಿದಾರೆ, ನಾನು ಎದ್ದು ಹೋಗಿ ನೇರ ಅವಳ ಮಗ್ಗುಲಲ್ಲೇ ಕೂತೆ..." ಅಂತ. ಆ ಕಥೆ ಅಳಿಸಿಹೋದ ಹದಿನೆಂಟರಲ್ಲಿ ಒಂದಿರಬೇಕು. ನಾನು ಅದನ್ನು ಯಾವತ್ತೂ ಕೇಳಿರಲಿಲ್ಲ. ಬೀಗಿತ್ತಿ ಏನಂದಳು, ದೊಡ್ಡಮ್ಮ ಏನಂದಳು, ಎಲ್ಲಿ ಕೆಮ್ಮಿದಳು, ಎಲ್ಲಿ ತಡೆದು ನಕ್ಕಳು, ಒಂದನ್ನೂ ಬಿಡದೆ ಹೇಳುತ್ತಿದ್ದರು. ಫೋನಿನಿಂದ ಅಮ್ಮನ ನಗು ಎರಡು ಕಾರು ದಾಟಿ ನನ್ನವರೆಗೂ ಬಂತು. ನಾನು ಇಷ್ಟು ವರ್ಷ ಮೈಕ್ ಹಿಡಿದು ಜನರನ್ನು ನಗಿಸಿದ್ದೇನೆ, ಹಾಗೆ ಒಂದು ಸಲವೂ ಅವಳನ್ನು ನಗಿಸಿಲ್ಲ. ಹೊಟ್ಟೆ ಭಗಭಗ ಉರಿಯಿತು. ಆದರೂ ಒಂದು ಕಾರಿನಷ್ಟು ಮುಂದೆ ಸರಿದೆ.

ಅವರ ಹೆಂಡತಿ ಬಾಗಿಲಿಂದ ಇಣುಕಿ, "ಅಯ್ಯ, ಎಲ್ಲಿ ಹೋದ್ರ ಇವ್ರು? ಕೇಕ್ ಕತ್ತರಸಲಿಕ್ಕೆ ಎಲ್ಲಾರೂ ಕಾಯ್ಲಿಕ್ಕತ್ತಾರ" ಅಂದರು.

"ಸ್ವಲ್ಪ ತಡೀರಿ," ಅಂದೆ. "ಮೆಲ್ಲಗೆ ಮಾತಾಡಿ, ಕೇಳಿಸ್ತಾ ಇಲ್ಲ."